ಬೆಕ್ಕಿನ ತಟ್ಟೆಗೆ ಹಸಿ ಮಾಂಸ ಬೇಡ

ಹಕ್ಕಿಜ್ವರದ ಸುದ್ದಿ ಬಂತೆಂದರೆ ಕೋಳಿ, ಮೊಟ್ಟೆ ತಿನ್ನಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಮನೆಯ ಬೆಕ್ಕಿನ ಊಟದ ಬಗ್ಗೆ ಕೇಳುವವರು ಕಡಿಮೆ. ಕೋಳಿ ಅಂಗಡಿಯಿಂದ ತಂದ ತಲೆ, ಕಾಲು, ಕರುಳನ್ನು ಹಸಿಯಾಗಿಯೇ ಅದರ ಮುಂದೆ ಹಾಕುವವರಿದ್ದಾರೆ. ಅಪಾಯ ಇರುವುದು ಅಲ್ಲೇ.

ಈ ರೋಗಕ್ಕೆ ಕಾರಣವಾದ ಎಚ್5ಎನ್1 ವೈರಸ್ ಮೂಲತಃ ಹಕ್ಕಿಗಳದ್ದು. ಸೋಂಕು ತಗುಲಿದ ಹಕ್ಕಿಯ ಜೊಲ್ಲು, ಹಿಕ್ಕೆ, ರಕ್ತ, ಮಾಂಸ ಎಲ್ಲದರಲ್ಲೂ ಅದು ಇರುತ್ತದೆ. ಬೆಕ್ಕಿನ ಕುಲಕ್ಕೆ ಇದು ಮಾರಕ. 2004ರಲ್ಲಿ ಥಾಯ್ಲೆಂಡಿನ ಮೃಗಾಲಯವೊಂದರಲ್ಲಿ ಹಸಿ ಕೋಳಿಮಾಂಸ ತಿಂದ ಹುಲಿಗಳಿಗೆ ರೋಗ ಬಂತು. ಅಲ್ಲಿದ್ದ 441 ಹುಲಿಗಳಲ್ಲಿ 147 ಹುಲಿಗಳು ಸತ್ತವು ಅಥವಾ ಅವುಗಳಿಗೆ ದಯಾಮರಣ ನೀಡಬೇಕಾಯಿತು.

ಮಾಂಸವಷ್ಟೇ ಅಲ್ಲ, ಹಸಿ ಹಾಲಿನಿಂದಲೂ ರೋಗ ಬರಬಹುದು. 2024ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಸುಗಳಿಗೇ ಈ ಸೋಂಕು ತಗುಲಿತ್ತು. ಅವುಗಳ ಕಾಯಿಸದ ಹಾಲು ಕುಡಿದ ಕೊಟ್ಟಿಗೆಯ ಬೆಕ್ಕುಗಳು ಸತ್ತವು. ನಮ್ಮ ದೇಶದಲ್ಲೂ 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕುಬೆಕ್ಕುಗಳಲ್ಲಿ ಹಕ್ಕಿಜ್ವರ ಪತ್ತೆಯಾಯಿತು. ಅದೇ ವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯ ವರದಹಳ್ಳಿಯ ಕೋಳಿಗಳಲ್ಲೂ ಕಾಣಿಸಿಕೊಂಡಿತು.

ನಾಯಿಗಳಿಗೆ ಈ ರೋಗ ತಗಲುವುದು ಅಪರೂಪ. ಆದರೂ 2023ರಲ್ಲಿ ಕೆನಡಾದಲ್ಲಿ ಕಾಡು ಹೆಬ್ಬಾತನ್ನು ಕಚ್ಚಿದ ನಾಯಿಯೊಂದು ಸತ್ತಿತ್ತು. ಗಿಳಿ, ಲವ್‌ಬರ್ಡ್ಸ್‌ಗೂ ಸೋಂಕು ತಗಲಬಹುದು. ಕಾಗೆ, ಪಾರಿವಾಳ ಬಂದು ಕೂರುವ ಕಡೆ ಅವುಗಳ ಪಂಜರ ಇಡಬೇಡಿ.

ಹಾಗಾದರೆ ಮಾಡಬೇಕಾದ್ದೇನು? ಮಾಂಸವನ್ನು ಚೆನ್ನಾಗಿ ಬೇಯಿಸಿ, ಹಾಲನ್ನು ಕುದಿಸಿ, ಆರಿಸಿ ಕೊಡಿ. ಒಳಗಿನವರೆಗೂ ಬೆಂದರೆ ವೈರಸ್ ಉಳಿಯದು. ಫ್ರಿಜ್‌ನಲ್ಲಿ ಇಟ್ಟ ಮಾತ್ರಕ್ಕೆ ಅದು ಸಾಯುವುದಿಲ್ಲ. ಸುತ್ತಮುತ್ತ ಹಕ್ಕಿಜ್ವರ ಇದ್ದಾಗ ಬೆಕ್ಕನ್ನು ಮನೆಯೊಳಗೇ ಇರಿಸಿಕೊಳ್ಳಿ. ಹಸಿ ಮಾಂಸ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಕೋಳಿ ಫಾರಂಗೆ ಹೋಗಿ ಬಂದವರು ಚಪ್ಪಲಿಯನ್ನು ಹೊರಗೇ ಬಿಡಲಿ.

ಮಕ್ಕಳೇ, ದಾರಿಯಲ್ಲಿ ಕಾಗೆಯೋ ಕೊಕ್ಕರೆಯೋ ಸತ್ತು ಬಿದ್ದಿದ್ದರೆ ಕೋಲಿನಿಂದಲೂ ಮುಟ್ಟಬೇಡಿ. ದೊಡ್ಡವರಿಗೆ ಹೇಳಿ. ಬೆಕ್ಕು ಹಕ್ಕಿಯನ್ನು ಕಚ್ಚಿ ತಂದರೆ ಕಿತ್ತುಕೊಳ್ಳಲು ಹೋಗಬೇಡಿ.

ಬೆಕ್ಕು ಊಟ ಬಿಟ್ಟು ಮಂಕಾಗಿದೆಯೇ? ಜ್ವರವೇ? ಕಣ್ಣು, ಮೂಗು ಸೋರುತ್ತಿದೆಯೇ? ಉಸಿರಾಟ ಕಷ್ಟವಾಗಿದೆಯೇ? ನಡೆಯುವಾಗ ತೂರಾಡುತ್ತದೆಯೇ, ಫಿಟ್ಸ್ ಬರುತ್ತಿದೆಯೇ? ಬೇರೆ ಕಾಯಿಲೆಗಳಲ್ಲೂ ಇವು ಕಾಣಿಸಬಹುದು. ಪರೀಕ್ಷೆ ಮಾಡದೆ ಹಕ್ಕಿಜ್ವರವೆಂದು ಹೇಳಲಾಗದು. ಅದನ್ನು ಪ್ರತ್ಯೇಕವಾಗಿರಿಸಿ, ಮಕ್ಕಳನ್ನು ದೂರವಿಡಿ. ಪಶುವೈದ್ಯರಿಗೆ ಮೊದಲು ಫೋನ್ ಮಾಡಿ, ಅದು ಏನು ತಿಂದಿತ್ತು ಎಂಬುದನ್ನೂ ತಿಳಿಸಿ. ಸರ್ಕಾರದ ಪಶು ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು.

ಬೆಕ್ಕಿನಿಂದ ಮನುಷ್ಯರಿಗೆ ಹಕ್ಕಿಜ್ವರ ಹರಡುವ ಸಾಧ್ಯತೆ ತೀರಾ ಕಡಿಮೆ ಎನ್ನುತ್ತಾರೆ ತಜ್ಞರು. ಆದ್ದರಿಂದ ಹೆದರಿ ಅದನ್ನು ಬೀದಿಗೆ ಬಿಡಬೇಡಿ. ಬೀದಿಗೆ ಬಿದ್ದ ಬೆಕ್ಕು ಸತ್ತ ಹಕ್ಕಿಯನ್ನೇ ಹುಡುಕಿ ತಿಂದೀತು. ಅದರ ಪಾಲಿನ ಮಾಂಸವನ್ನೂ ಒಲೆಯ ಮೇಲಿಟ್ಟು ಬೇಯಿಸಿ ಹಾಕಿ, ಅಷ್ಟೇ.