ಸಿಗರೇಟು ಬಿಡಿಸುವ ಸಿಗರೇಟು

ತಂಬಾಕಿಗೆ ಕನ್ನಡದಲ್ಲಿ ಹೊಗೆಸೊಪ್ಪು ಎಂಬ ಹೆಸರುಂಟು. ಎಲೆ-ಅಡಿಕೆಯೊಡನೆ ಅದನ್ನು ಜಗಿಯುವವರೂ ಹೊಗೆಸೊಪ್ಪು ಎಂದೇ ಕರೆಯುತ್ತಾರೆ. ಅಲ್ಲಿ ಹೊಗೆಯ ಸುಳಿವೇ ಇರುವುದಿಲ್ಲ. ಸೊಪ್ಪು ಬೇರೆ, ಹೊಗೆ ಬೇರೆ ಎಂಬುದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಸಂಗತಿ. ಆದರೆ ಸೇದುವವನಿಗೆ ನಿಜವಾಗಿ ಬೇಕಾದದ್ದು ಯಾವುದು?

ಲಂಡನ್ನಿನ ಮನೋವೈದ್ಯ ಮೈಕೇಲ್ ರಸೆಲ್ 1976ರಲ್ಲಿ ಇದಕ್ಕೆ ನೇರವಾಗಿ ಉತ್ತರ ಕೊಟ್ಟರು. ಜನ ಸೇದುವುದು ನಿಕೋಟಿನ್‌ಗಾಗಿ, ಸಾಯುವುದು ಮಾತ್ರ ಟಾರಿನಿಂದ ಎಂಬುದು ಅವರ ಮಾತಿನ ಸಾರ. ನಿಕೋಟಿನ್ ಸೊಪ್ಪಿನಲ್ಲೇ ಇರುವ ವಸ್ತು. ಚಟ ಹಿಡಿಸುವುದು ಅದು. ಟಾರು, ಕಾರ್ಬನ್ ಮಾನಾಕ್ಸೈಡ್ ಮುಂತಾದವು ಸೊಪ್ಪಿಗೆ ಬೆಂಕಿ ತಗುಲಿದ ಮೇಲೆ ಹುಟ್ಟುವಂಥವು. ಸೇದುವವರ ಶ್ವಾಸಕೋಶವನ್ನು ಕೆಡಿಸುವ ಕೆಲಸ ಬಹುಮಟ್ಟಿಗೆ ಅವುಗಳದು. ಹಾಗೆಂದು ನಿಕೋಟಿನ್ ಸಾಧುವೇನಲ್ಲ. ಗರ್ಭಿಣಿಯರಿಗೂ ಬೆಳೆಯುವ ಮಕ್ಕಳ ಮಿದುಳಿಗೂ ಅದು ಸಲ್ಲದು. ಹೊಗೆಯಿಲ್ಲದ ಮಾತ್ರಕ್ಕೆ ಜಗಿಯುವ ಸೊಪ್ಪು ನಿರಪಾಯವೂ ಅಲ್ಲ. ಬಾಯಿಯ ಕ್ಯಾನ್ಸರಿಗೆ ಅದು ದೊಡ್ಡ ಕಾರಣ.

ಬೆಂಕಿಯ ಹಂಗಿಲ್ಲದೆ ನಿಕೋಟಿನ್ ಒದಗಿಸುವ ಉಪಾಯವೊಂದು ಸ್ವೀಡನ್ನಿನಿಂದ ಬಂತು. ಜಲಾಂತರ್ಗಾಮಿಯೊಳಗೆ ಸಿಗರೇಟು ಹಚ್ಚುವಂತಿಲ್ಲ. ಅಲ್ಲಿನ ನಾವಿಕರು ಬಾಯಲ್ಲಿ ತಂಬಾಕು ಇಟ್ಟುಕೊಂಡು ದಿನ ದೂಡುತ್ತಿದ್ದ ವಿಷಯ ಔಷಧ ಕಂಪನಿಯೊಂದರ ವಿಜ್ಞಾನಿ ಓವೆ ಫೆರ್ನೋ ಅವರ ಕಿವಿಗೆ ಬಿತ್ತು. 1960ರ ದಶಕದ ಕೊನೆಯಲ್ಲಿ ಶುರುವಾದ ಅವರ ಪ್ರಯೋಗಗಳ ಫಲವೇ ನಿಕೋಟಿನ್ ಗಮ್. ಚರ್ಮಕ್ಕೆ ಅಂಟಿಸುವ ಪಟ್ಟಿ ಆಮೇಲೆ ಬಂತು.

ಇವುಗಳಿಂದ ಅನೇಕರು ಸಿಗರೇಟು ಬಿಟ್ಟಿದ್ದಾರೆ; ಬಿಡಲಾಗದವರೂ ಅನೇಕರು. ಸೇದಿದ ಹೊಗೆ ಕೆಲವೇ ಸೆಕೆಂಡುಗಳಲ್ಲಿ ನಿಕೋಟಿನ್ ಅನ್ನು ಮಿದುಳಿಗೆ ಮುಟ್ಟಿಸುತ್ತದೆ. ಗಮ್ಮಿಗೆ ಆ ವೇಗವಿಲ್ಲ. ಅಲ್ಲದೆ ಚಟ ರಕ್ತದಲ್ಲಿ ಮಾತ್ರ ಇರುವುದಿಲ್ಲ, ಬೆರಳುಗಳಲ್ಲೂ ಇರುತ್ತದೆ. ಊಟ ಮುಗಿದೊಡನೆ, ಕಾಫಿ ಲೋಟ ಎದುರಿಗೆ ಬಂದೊಡನೆ, ಬಸ್ಸು ತಡವಾದೊಡನೆ ಕೈ ಜೇಬಿಗೆ ಹೋಗುವುದನ್ನು ಗಮ್ಮು ಹೇಗೆ ತಡೆದೀತು?

ಇ-ಸಿಗರೇಟು ಹೊಕ್ಕದ್ದು ಈ ಸಂದಿಯಲ್ಲಿ. ಹರ್ಬರ್ಟ್ ಗಿಲ್ಬರ್ಟ್ ಎಂಬ ಅಮೆರಿಕನ್ 1965ರಲ್ಲೇ ಹೊಗೆಯಿಲ್ಲದ ಸಿಗರೇಟಿಗೆ ಪೇಟೆಂಟ್ ಪಡೆದಿದ್ದರೂ ಅದು ಮಾರುಕಟ್ಟೆ ಕಾಣಲಿಲ್ಲ. ಈಗಿನ ಸಾಧನದ ಮೂಲಪುರುಷ ಚೀನಾದ ಔಷಧತಜ್ಞ ಹೊನ್ ಲಿಕ್. ಸ್ವತಃ ಸಿಗರೇಟಿನ ದಾಸರಾಗಿದ್ದ ಅವರು 2003ರಲ್ಲಿ ಇದನ್ನು ರೂಪಿಸಿದರು. ಅವರ ತಂದೆಯನ್ನು ಬಲಿ ತೆಗೆದುಕೊಂಡದ್ದೂ ಶ್ವಾಸಕೋಶದ ಕ್ಯಾನ್ಸರ್. ಸರಕಿಗೆ ಇಟ್ಟ ಹೆಸರು 'ರುಯಾನ್', ಅಂದರೆ 'ಹೊಗೆಯಂತೆ'. ಬ್ಯಾಟರಿಯಿಂದ ಕಾಯುವ ತಂತಿಸುರುಳಿ ನಿಕೋಟಿನ್ ಬೆರೆಸಿದ ದ್ರವವನ್ನು ಆವಿಯಾಗಿಸುತ್ತದೆ. ಸೇದಬಹುದು, ಊದಬಹುದು, ಸೊಪ್ಪು ಮಾತ್ರ ಉರಿಯುವುದಿಲ್ಲ.

ಚಟ ಬಿಡಿಸುವಲ್ಲಿ ಇದು ಕೆಲಸಕ್ಕೆ ಬರುತ್ತದೆಯೆ? ಬ್ರಿಟನ್ನಿನ ಸರ್ಕಾರಿ ಧೂಮಪಾನ ತ್ಯಾಗ ಕೇಂದ್ರಗಳಿಗೆ ಬಂದ 886 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಹೊರಬಿತ್ತು. ಒಂದು ಗುಂಪಿಗೆ ಇ-ಸಿಗರೇಟು, ಇನ್ನೊಂದಕ್ಕೆ ಗಮ್, ಪಟ್ಟಿ ಮುಂತಾದವು. ಜೊತೆಗೆ ಇಬ್ಬರಿಗೂ ಪ್ರತಿವಾರ ಆಪ್ತಸಲಹೆ. ವರ್ಷದ ನಂತರ ಸಿಗರೇಟು ಮುಟ್ಟದೆ ಉಳಿದವರು ಮೊದಲ ಗುಂಪಿನಲ್ಲಿ ಶೇ 18, ಎರಡನೆಯದರಲ್ಲಿ ಶೇ 9.9. ಹೆಚ್ಚುಕಡಿಮೆ ಇಮ್ಮಡಿ. ಆದರೆ ಬಿಟ್ಟವರಲ್ಲಿ ಶೇ 80ರಷ್ಟು ಮಂದಿಯ ಕೈಯಲ್ಲಿ ಇ-ಸಿಗರೇಟು ಇನ್ನೂ ಇತ್ತು. ಗಮ್, ಪಟ್ಟಿಗಳನ್ನು ಮುಂದುವರಿಸಿದವರು ಶೇ 9 ಮಾತ್ರ. ಹೊಗೆ ಹೋಯಿತು, ನಿಕೋಟಿನ್ ಉಳಿಯಿತು. ಇದನ್ನು ಗೆಲುವು ಎನ್ನಬೇಕೋ ಬೇಡವೋ ಎಂಬಲ್ಲಿಯೇ ಜಗಳವಿರುವುದು.

ಬ್ರಿಟನ್ ಗೆಲುವು ಎಂದಿತು. ಹತ್ತು ಲಕ್ಷ ಧೂಮಪಾನಿಗಳಿಗೆ ಇದನ್ನು ಉಚಿತವಾಗಿ ಹಂಚುವ ಯೋಜನೆಯನ್ನು 2023ರಲ್ಲಿ ಪ್ರಕಟಿಸಿತು. ಅದೇ ದೇಶ, ಬಣ್ಣಬಣ್ಣದ ಬಳಸಿ ಬಿಸಾಡುವ ಸಾಧನಗಳಿಗೆ ಹದಿಹರೆಯದವರು ಮರುಳಾಗುವುದನ್ನು ಕಂಡು 2025ರ ಜೂನ್‌ನಲ್ಲಿ ಅವುಗಳ ಮಾರಾಟವನ್ನು ನಿಷೇಧಿಸಿತು.

ನಮ್ಮಲ್ಲಿ ಹಾಗಾಗಲಿಲ್ಲ. ಕರ್ನಾಟಕ 2016ರಲ್ಲಿಯೇ ಇ-ಸಿಗರೇಟಿನ ಮಾರಾಟ ನಿಲ್ಲಿಸಿತು. 2019ರಲ್ಲಿ ಕೇಂದ್ರದ ಕಾಯ್ದೆ ಬಂದು ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲಕ್ಕೂ ತಡೆ ಬಿತ್ತು. ಸೇದದ ಹುಡುಗರು ಸೇದಲು ಕಲಿಯಬಾರದೆಂಬ ಕಾಳಜಿ ಸರಿಯಾದದ್ದೇ. 2016-17ರ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸೇದುವವರು ಶೇ 10.7, ಜಗಿಯುವುದೂ ಸೇರಿ ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 21.4. ಬರೀ ಜಗಿಯುವವರಿಗೆ ಈ ಸಾಧನದಿಂದ ಆಗುವ ಉಪಕಾರವೇನೂ ಇಲ್ಲ. ಆದರೂ ಆವಿ ಸಿಗದ ಬೀಡಾ ಅಂಗಡಿಯಲ್ಲಿ ಹೊಗೆ ಧಾರಾಳವಾಗಿ ಸಿಗುತ್ತದೆ ಎಂಬುದು ವಿಚಿತ್ರವೇ. ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಲ್ಲಿ ಬೆಳೆಯುವುದೂ ಅದೇ ಸೊಪ್ಪು.

ಬಿಡಬೇಕೆನ್ನುವವರಿಗೆ ಇಲ್ಲಿ ಉಳಿದಿರುವುದು ಗಮ್, ಪಟ್ಟಿ, ವೈದ್ಯರು ಬರೆದುಕೊಡುವ ಮಾತ್ರೆ, ಮತ್ತು ಮಾತು. ಮಾತನ್ನು ಹಗುರವಾಗಿ ಕಾಣಬೇಕಿಲ್ಲ. ಬ್ರಿಟನ್ನಿನ ಪ್ರಯೋಗದಲ್ಲಿಯೂ ಎರಡು ಗುಂಪಿಗೂ ಅದನ್ನು ಕೊಟ್ಟಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕನ್ನಡದಲ್ಲಿಯೇ ಆಪ್ತಸಲಹೆ ಕೊಡುವ ದೂರವಾಣಿ ಕೇಂದ್ರವಿದೆ. 1800-11-2356ಕ್ಕೆ ಮಾಡುವ ಕರೆಗೆ ಹಣ ಬೀಳುವುದಿಲ್ಲ.