ಗುಡ್ಡದ ಸೆರಗು ಹಿಡಿದು

ಆನೆಗೊಂದಿಯ ಸುತ್ತ ಗುಡ್ಡಕ್ಕೂ ಗದ್ದೆಗೂ ನಡುವೆ ಒಂದು ಗೆರೆಯಿದೆ. ಒಂದು ಕಾಲನ್ನು ಕಾದ ಬಂಡೆಯ ಮೇಲೆ, ಇನ್ನೊಂದನ್ನು ಒದ್ದೆ ಬದುವಿನ ಮೇಲೆ ಇಟ್ಟು ನಿಲ್ಲಬಹುದು, ಅಷ್ಟು ಸ್ಪಷ್ಟವಾದ ಗೆರೆ. ಮೇಲಕ್ಕೆ ನೋಡಿದರೆ ಗುಂಡಿನ ಮೇಲೆ ಗುಂಡು ಪೇರಿಸಿದ ಗುಡ್ಡ. ಸಂದಿನಲ್ಲಿ ಕಳ್ಳಿ, ಕಾರೆ, ಸೀತಾಫಲ, ಬಿರುಸು ಹುಲ್ಲು. ಕೆಳಕ್ಕೆ ನೋಡಿದರೆ ಭತ್ತ, ಬಾಳೆ, ತೆಂಗು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಇಷ್ಟು ಹಸಿರು ಮಳೆಯಿಂದ ಬಂದದ್ದಲ್ಲ ಎಂಬುದು ನೋಡಿದೊಡನೆ ತಿಳಿಯುತ್ತದೆ. ತುಂಗಭದ್ರೆಯನ್ನು ಅಣೆಗಳಿಂದ ತಡೆದು, ಕಾಲುವೆಗೆ ತಿರುಗಿಸಿ, ಬಂಡೆಗಳ ಮಧ್ಯೆ ಹಾಯಿಸಿದವರ ಕೆಲಸ ಅದು. ಅವರ ನೀರು ಎಲ್ಲಿಗೆ ನಿಂತಿತೋ ಅಲ್ಲಿ ಗುಡ್ಡ ಶುರುವಾಯಿತು. ಊರಿನ ಹಳೆಯ ಕಾಲುದಾರಿಗಳು ಬಹುಪಾಲು ಇದೇ ಅಂಚಿನಲ್ಲಿ ಸಾಗುತ್ತವೆ.

ಈ ದಾರಿಗಳನ್ನು ಒಂದಕ್ಕೊಂದು ಸೇರಿಸಿದರೆ ಒಂದು ಸುತ್ತಾಗುತ್ತದೆ. ಊರಿನಿಂದ ಹೊಳೆಗೆ ಇಳಿದು, ದಂಡೆ ಹಿಡಿದು ಪಡುವಣಕ್ಕೆ ನಡೆದು, ಕಾಲುವೆಯ ಒಡ್ಡು ಏರಿ, ಹನುಮನಹಳ್ಳಿಯ ಮಗ್ಗುಲಲ್ಲಿ ಅಂಜನಾದ್ರಿಯ ಬುಡ ಮುಟ್ಟುವುದು. ಅಲ್ಲಿಂದ ಗುಡ್ಡದ ಸೆರಗು ಹಿಡಿದು ಪಂಪಾ ಸರೋವರ, ದುರ್ಗಾದೇವಿ ಗುಡಿ, ಕೋಟೆ ಬಾಗಿಲು ದಾಟಿ ಮತ್ತೆ ಊರು ಸೇರುವುದು. ಹೀಗೆ ಹೋದರೆ ಗದ್ದೆಗಳು ಉದ್ದಕ್ಕೂ ಬಲಗಡೆಗೇ ಉಳಿಯುತ್ತವೆ. ಪ್ರದಕ್ಷಿಣೆಯ ದಿಕ್ಕು ಇದೇ. ನನ್ನ ಮಟ್ಟಿಗೆ ಇದನ್ನು ಆರಿಸಿಕೊಳ್ಳಲು ಬೇರೆಯೇ ಕಾರಣವಿದೆ. ಎಳೆಬಿಸಿಲಿನಲ್ಲಿ ಹೊಳೆಯ ಹಕ್ಕಿಗಳು ಚುರುಕಾಗಿರುತ್ತವೆ. ಅವು ನೆರಳಿಗೆ ಸರಿಯುವ ಹೊತ್ತಿಗೆ ಬಂಡೆ ಕಾದು, ಓತಿಗಳು ಹೊರಬರುತ್ತವೆ. ಎಡಕ್ಕೆ ಸುತ್ತಿದರೆ ಎರಡೂ ತಪ್ಪುತ್ತವೆ.

ಹೊಳೆಯ ಬದಿಗೆ ಚಿಂತಾಮಣಿ ಗುಡಿಯಿದೆ. ಅದರಾಚೆ ನೀರಿನಲ್ಲಿ ಅರವತ್ತನಾಲ್ಕು ಕಂಬದ ಮಂಟಪ, ನಡುಗಡ್ಡೆಯಲ್ಲಿ ನವಬೃಂದಾವನ. 1539ರಲ್ಲಿ ತೀರಿಕೊಂಡ ಮಾಧ್ವ ಯತಿ ವ್ಯಾಸರಾಯರ ಬೃಂದಾವನವೂ ಇಲ್ಲಿನ ಒಂಬತ್ತರಲ್ಲಿ ಒಂದು. ಮೇಲಿನ ತುಂಗಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ಮಂಟಪವೂ ನಡುಗಡ್ಡೆಯೂ ಮುಳುಗುತ್ತವೆ. ಈ ಕಡವಿನಲ್ಲಿ ಹರಿಗೋಲು ಹೊಸದಲ್ಲ. 1520ರ ಹೊತ್ತಿಗೆ ವಿಜಯನಗರ ನೋಡಲು ಬಂದಿದ್ದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್, ಒಳಗೆ ಬೆತ್ತ, ಹೊರಗೆ ತೊಗಲು ಹೊದಿಸಿದ ದುಂಡನೆಯ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಕಂಡು ಬರೆದಿಟ್ಟ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಆಕಾರ ಬದಲಾಗಿಲ್ಲ.

ದಂಡೆಯಲ್ಲಿ ನಡೆಯುವಾಗ ಕಣ್ಣು ಬಂಡೆಗಳ ನೆತ್ತಿಯ ಮೇಲಿರಬೇಕು. ನೀರಿಗೆ ಚಾಚಿದ ಚಪ್ಪಟೆ ಬಂಡೆಗಳ ಮೇಲೆ ಅಲ್ಲಲ್ಲಿ ಕಪ್ಪು, ಒಣಗಿದರೆ ಬೂದು ಬಣ್ಣದ ಹಿಕ್ಕೆ ಬಿದ್ದಿರುತ್ತದೆ. ಕಡ್ಡಿಯಿಂದ ಬಿಡಿಸಿ ನೋಡಿದರೆ ಒಳಗೆ ಮೀನಿನ ಪೊರೆ, ಸೂಜಿಯಂಥ ಮುಳ್ಳು, ಏಡಿಯ ಚಿಪ್ಪಿನ ಚೂರು. ಮೀನಿನ ವಾಸನೆ ಮೂಗಿಗೆ ಗಪ್ಪನೆ ಹೊಡೆಯುತ್ತದೆ. ನೀರುನಾಯಿಗಳ ಗುರುತಿದು. ಒಂದು ಗುಂಪಿನ ನೀರುನಾಯಿಗಳು ಅವೇ ಬಂಡೆಗಳಿಗೆ ಮತ್ತೆ ಮತ್ತೆ ಬಂದು ಹೀಗೆ ಗುರುತು ಹಾಕುತ್ತವೆ. ಮೇಲೆ ಒಣಗಿದ್ದು, ಮಗ್ಗುಲಲ್ಲಿ ಹಸಿಯದು ಸಿಕ್ಕಿತೆಂದರೆ ಗುಂಪು ಇನ್ನೂ ಈ ಮಡುವನ್ನು ಬಿಟ್ಟಿಲ್ಲ ಎಂದು ತಿಳಿಯಬಹುದು. ಪ್ರಾಣಿಯೇ ಕಾಣಬೇಕೆಂದರೆ ನೆರಳಿನಲ್ಲಿ ಅಲುಗಾಡದೆ ಕೂರಬೇಕು. ನೀರಿನ ಮೇಲೆ ಮೂರು ನಾಲ್ಕು ಚಪ್ಪಟೆ ತಲೆ ಒಟ್ಟಿಗೆ ಏಳುತ್ತವೆ, ಶಿಳ್ಳೆಯಂಥ ಸದ್ದು ಕೇಳುತ್ತದೆ, ಮತ್ತೆ ಮುಳುಗುತ್ತವೆ. 2015ರಲ್ಲಿ ಸರ್ಕಾರ ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ನೀರುನಾಯಿಗಾಗಿ ದೇಶದಲ್ಲಿ ಆದ ಮೊದಲ ಮೀಸಲು ಇದು. ಆನೆಗೊಂದಿಯ ದಂಡೆಯೂ ಅದರೊಳಗೇ ಬರುತ್ತದೆ. ಮೀನಿಗಾಗಿ ತೋಟೆ ಸಿಡಿಸುವುದು, ದಂಡೆಯ ಮರಳು ಎತ್ತುವುದು ಇವೆರಡೇ ಸಾಕು ಈ ಗುಂಪುಗಳನ್ನು ಚದುರಿಸಲು.

ಹೊಳೆ ಬಿಟ್ಟು ಒಳಕ್ಕೆ ಬಂದರೆ ಕಾಲುವೆ. ಪಡುವಣದ ಸಾಣಾಪುರದ ಕಡೆಯಿಂದ ಬರುವ ಈ ನೀರು ವಿಜಯನಗರದ ಅರಸರ ಕಾಲದ ಏರ್ಪಾಡು. ಹೊಳೆಯ ಎರಡೂ ದಂಡೆಗಳಲ್ಲಿ ಇಂಥ ಹಳೆಯ ಕಾಲುವೆಗಳಿವೆ. ಆ ದಂಡೆಯಲ್ಲಿ ತುರ್ತು, ರಾಯ, ಬಸವಣ್ಣ. ಈ ದಂಡೆಯಲ್ಲಿ ಆನೆಗೊಂದಿ, ಮೇಲಣ ಗಂಗಾವತಿ, ಕೆಳಗಣ ಗಂಗಾವತಿ. ಹೊಳೆಯ ನಡುವಿನ ಸಹಜ ಬಂಡೆಗಳ ಸಂದುಗಳಿಗೆ ಕಲ್ಲು ತುಂಬಿ ಅಣೆ ಕಟ್ಟಿ, ಇಳಿಜಾರನ್ನು ಕಣ್ಣಳತೆಯಲ್ಲೇ ಎಂಬಷ್ಟು ನಯವಾಗಿ ಹಿಡಿದು ನೀರು ತಂದಿದ್ದಾರೆ. 1953ರಲ್ಲಿ ಮೇಲೆ ತುಂಗಭದ್ರಾ ಅಣೆಕಟ್ಟೆ ಎದ್ದ ಮೇಲೂ ಇವು ಕೆಲಸ ಬಿಡಲಿಲ್ಲ. ವರ್ಷದ ಬಹುಪಾಲು ನೀರು ಸಿಗುವುದರಿಂದಲೇ ಇಲ್ಲಿ ಏಲಕ್ಕಿ ಬಾಳೆ, ಸುಗಂಧಿ ಬಾಳೆಯ ತೋಟಗಳು ನಿಂತಿವೆ.

ಕಾಲುವೆಯ ಹಳೆಯ ಮಣ್ಣಿನ ದಂಡೆ ಸ್ವಲ್ಪ ಸೋರುತ್ತದೆ. ಆ ಸೋರಿಕೆಯನ್ನು ನಂಬಿ ಬದುಕುವ ಜೀವಗಳ ಪಟ್ಟಿ ದೊಡ್ಡದು. ಜಂಬು ಹುಲ್ಲು, ಒಂದೆಲಗ, ಗರುಗ, ಅವುಗಳ ಬುಡದಲ್ಲಿ ಕಪ್ಪೆ, ಕಪ್ಪೆಗಾಗಿ ಕಾದಿರುವ ಕೊಳದ ಬಕ. ಮಿಂಚುಳ್ಳಿಯೂ ಕಳ್ಳಿಪೀರವೂ ನೆಟ್ಟಗೆ ನಿಂತ ಮಣ್ಣಿನ ಗೋಡೆಯಲ್ಲಿ ಸುರಂಗ ತೋಡಿ ಮೊಟ್ಟೆಯಿಡುವ ಹಕ್ಕಿಗಳು. ನವೆಂಬರಿನಲ್ಲಿ ಭತ್ತ ಕಾಳುಕಟ್ಟಿರುವಾಗ ಬಂದರೆ ಕಾಲುವೆಯ ಮೇಲಕ್ಕೆ ಬಾಗಿದ ಈಚಲು ಗರಿಗಳಲ್ಲಿ ಗೀಜಗನ ಗೂಡುಗಳು ತೂಗುತ್ತಿರುತ್ತವೆ; ಕಟ್ಟಿದವರು ಮಳೆಗಾಲದ ಸಂಸಾರ ಮುಗಿಸಿ ಬಿಟ್ಟುಹೋದ ಗೂಡಿಗೆ ಬೂದುಬಣ್ಣದ ರಾಟವಾಳಗಳು ಹುಲ್ಲಿನ ಎಳೆ ಹೊತ್ತು ನುಗ್ಗುವುದನ್ನು ನೋಡಬಹುದು. ಇತ್ತೀಚಿನ ವರ್ಷಗಳಲ್ಲಿ ವಿಜಯನಗರ ಕಾಲುವೆಗಳ ಆಧುನೀಕರಣದ ಕೆಲಸ ನಡೆದು ಹಲವು ಕಡೆ ಎರಡೂ ಬದಿಗೆ ಕಾಂಕ್ರೀಟ್ ಬಂದಿದೆ. ಕೊನೆಯ ಗದ್ದೆಗೂ ನೀರು ಮುಟ್ಟಬೇಕೆಂಬ ರೈತರ ಬೇಡಿಕೆ ನ್ಯಾಯವಾದದ್ದು, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಕಾಂಕ್ರೀಟಿನಲ್ಲಿ ಮಿಂಚುಳ್ಳಿ ಸುರಂಗ ತೋಡಲಾರದು. ನಡುನಡುವೆ ಒಂದಿಷ್ಟು ಮಾರು ಮಣ್ಣಿನ ದಂಡೆ ಉಳಿಸಿಕೊಂಡರೆ ರೈತರಿಗೆ ಆಗುವ ನಷ್ಟ ಸಣ್ಣದು.

ಅಂಜನಾದ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 575 ಮೆಟ್ಟಿಲು, ಮೇಲೆ ಹನುಮಪ್ಪ, ಹೊಳೆಯಾಚೆ ವಿಠ್ಠಲ ದೇವಾಲಯದವರೆಗೂ ಹರಡುವ ನೋಟ. ಹೋದವರೆಲ್ಲ ಬಲ್ಲರು. ನನಗೆ ಬೇಕಾದದ್ದು ಬುಡದಿಂದ ಮೂಡಣಕ್ಕೆ ತಿರುಗುವ ದಾರಿ. ಒಮ್ಮೆ ಅಲ್ಲಿ ಕುರಿ ಕಾಯುತ್ತಿದ್ದ ಅಜ್ಜ ತಡೆದು ಕೇಳಿದರು.

“ಎತ್ತಾಗ ಹೊಂಟೀಯೋ ತಮ್ಮಾ?”

“ಇಲ್ಲೇ ಅಜ್ಜಾ, ಗುಡ್ಡದ ಬುಡದಾಗ ಒಂದು ಸುತ್ತು ಹೊಡಿಯಾಕ.”

“ಹಂಗಾದ್ರ ಕಲ್ಲಿನ ಮಗ್ಗಲಾಗ ಹೋಗು. ಗದ್ದಿಯವ್ರು ನೆಲ ಕೊಡಾಂಗಿಲ್ಲ, ಗುಂಡಿನ ಮ್ಯಾಲ ಕುರಿ ನಡಿಯಾಂಗಿಲ್ಲ. ನಡುವ ಉಳಿದದ್ದು ಇದಷ್ಟ.”

ಈ ಅಂಚನ್ನು ಅರಿಯಲು ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ನೇಗಿಲು ಇಲ್ಲಿಗೆ ಬರುವುದಿಲ್ಲ, ಮನೆ ಕಟ್ಟಲು ಜಾಗ ಸಾಲದು. ಆದ್ದರಿಂದಲೇ ದಾರಿ ಉಳಿದಿದೆ, ದಾರಿಯ ಇಕ್ಕೆಲದ ಪೊದೆಯೂ ಉಳಿದಿದೆ. ಕವಳಿ, ಬಾರಿ, ತಂಗಡಿ, ಎಕ್ಕಿ, ಹಬ್ಬಿದ ಬಳ್ಳಿ. ಗುಡ್ಡದಲ್ಲಿ ಮಲಗಿ ಗದ್ದೆಯಲ್ಲಿ ಮೇಯುವ ಪ್ರಾಣಿಗಳಿಗೆಲ್ಲ ಹಾಯುವ ಹಾದಿ ಇದು. ನವಿಲು, ಗೌಜಲಹಕ್ಕಿ, ಮುಂಗುಸಿ, ಮೊಲ ಇಲ್ಲಿ ದಾಟುತ್ತವೆ. ದಾರಿಯ ಹುಡಿಮಣ್ಣಿನಲ್ಲಿ ಬೆಳಗಿನ ಹೊತ್ತು ಅವುಗಳ ಹೆಜ್ಜೆ ಓದಬಹುದು.

ಹತ್ತು ಗಂಟೆಯ ಬಿಸಿಲಿಗೆ ಕಲ್ಲು ಓತಿ ಮೈಕಾಯಿಸಲು ಬರುತ್ತದೆ. ಮಳೆಗಾಲ ಶುರುವಾಗುವ ಹೊತ್ತು, ಅದರ ಕೂಡುವ ಕಾಲದಲ್ಲಿ, ಒಂದೇ ಗುಂಡಿನ ಮುಂದೆ ಅರ್ಧ ತಾಸು ನಿಲ್ಲಬೇಕು. ಹೆಣ್ಣು ಕಲ್ಲಿನ ಬಣ್ಣದ್ದೇ, ಕಂದು ಚುಕ್ಕೆ. ಚಲಿಸದಿದ್ದರೆ ಕಾಣುವುದೇ ಇಲ್ಲ. ಗಂಡು ಗುಂಡಿನ ನೆತ್ತಿಯಲ್ಲಿ ಮುಂಗಾಲೂರಿ ಎದೆ ಎತ್ತಿ ಕೂತಿರುತ್ತದೆ. ಹೆಣ್ಣು ಹತ್ತಿರ ಬಂತೆಂದರೆ ಬೆನ್ನು ಕೆಂಪಗೆ, ಪಕ್ಕೆ ಕಪ್ಪಗೆ. ಅಷ್ಟರಲ್ಲಿ ಕೆಳಗಿನ ಸಂದಿನಿಂದ ಇನ್ನೊಂದು ಗಂಡು ಮೇಲೇರಿತೋ, ಅದೇ ಬೆನ್ನು ನೋಡನೋಡುತ್ತಿದ್ದಂತೆ ಹಳದಿಗೆ ತಿರುಗಿ, ಪಕ್ಕೆಯ ಕಪ್ಪು ಕರಗಿ ಕಿತ್ತಳೆಯಾಗುತ್ತದೆ. ಒಂದರ ಮೇಲೊಂದು ದಂಡೆತ್ತಿ ತಲೆ ಕುಣಿಸುತ್ತವೆ. ಸೋತದ್ದು ಸಂದಿಗೆ ಇಳಿಯುತ್ತಲೇ ಬಣ್ಣ ಕಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಇಷ್ಟೆಲ್ಲ ನಡೆಯುವುದು ಕೆಲವೇ ಕ್ಷಣಗಳಲ್ಲಿ. ಬಣ್ಣ ಬದಲಿಸುವುದಕ್ಕೆ ಹೆಸರಾದ ಗೋಸುಂಬೆಗಿಂತಲೂ ಇದು ಚುರುಕು ಎಂದು ನನಗೆ ತೋರಿದೆ.

ಓತಿ ಕೂತ ಗುಂಡು ಸುಮಾರು 250 ಕೋಟಿ ವರ್ಷ ಹಳೆಯದು. ರಾಮನಗರದ ಬೆಟ್ಟಗಳ ಕಲ್ಲಿಗೂ ಇದಕ್ಕೂ ನಂಟಿದೆ. ತೆಂಕಣದಿಂದ ಬಡಗಣಕ್ಕೆ ಪಟ್ಟಿಯಾಗಿ ಬಂದ ಗ್ರಾನೈಟಿನ ಬಳಗ ಇದು, ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ನೆಲದೊಳಗಿದ್ದಾಗಲೇ ಬಂಡೆ ಅಡ್ಡಡ್ಡ, ಉದ್ದುದ್ದ ಸೀಳು ಬಿಟ್ಟಿತು. ಸೀಳಿಗಿಳಿದ ನೀರು ಮೂಲೆಗಳನ್ನು ತಿಂದು ದುಂಡಾಗಿಸಿತು. ಮೇಲಿನ ಮಣ್ಣು ಕೊಚ್ಚಿಹೋದ ಮೇಲೆ ಗುಂಡುಗಳು ಇದ್ದ ಕಡೆಯೇ ಬಯಲಾಗಿ ನಿಂತವು. ವಾನರ ಸೇನೆ ಆಡಿ ಎಸೆದ ಕಲ್ಲುಗಳೆಂದು ಊರಿನವರು ಹೇಳುವ ಕತೆಯನ್ನೂ ನಾನು ಇಷ್ಟಪಟ್ಟು ಕೇಳುತ್ತೇನೆ. ಒಂದರ ಮೇಲೊಂದು ನಿಂತಿರುವ ಬಗೆ ನೋಡಿದರೆ ಅಂಥ ಕತೆ ಹುಟ್ಟದಿರುವುದೇ ಅಚ್ಚರಿ. ಗುಂಡುಗಳ ಹೊಟ್ಟೆಯಡಿ ಹೆಜ್ಜೇನು ತೊಟ್ಟಿ ಕಟ್ಟುತ್ತದೆ. ಅಂಥ ಕಡೆ ಹೊಗೆ, ಗದ್ದಲ ಕೂಡದು.

ಪಂಪಾ ಸರೋವರ ಗುಡ್ಡಗಳ ತೊಡೆಯ ಮೇಲಿದೆ. ಕಟ್ಟಿದ ಮೆಟ್ಟಿಲ ಕೊಳ ಅದು. ಅದರ ಹಿಂದಿನ ಇಳುಕಲಿನಲ್ಲಿ, ಅತ್ತಿ ಜಾತಿಯ ಮರಗಳು ಬಂಡೆಯನ್ನು ಬೇರಿನಲ್ಲಿ ತಬ್ಬಿಕೊಂಡ ಜಾಗದಲ್ಲಿ, ಹಳದಿ ಕೊರಳಿನ ಪಿಕಳಾರಕ್ಕಾಗಿ ಕಾಯುವುದು ನನ್ನ ರೂಢಿ. ಊರ ಪಿಕಳಾರದ ಹಾಗೆ ಇದಕ್ಕೆ ಜುಟ್ಟಿಲ್ಲ, ಸಲಿಗೆಯೂ ಇಲ್ಲ. ಮೊದಲು ಕೇಳುವುದು ಗುಳುಗುಳು ಸದ್ದು. ಆಮೇಲೆ ಪೊದೆಯ ತುದಿಯಲ್ಲಿ ಹಳದಿ ತಲೆ, ಹಳದಿ ಕೊರಳು ಒಮ್ಮೆ ಹೊಳೆದು ಗುಂಡಿನ ಹಿಂದೆ ಇಳಿಯುತ್ತದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳ ಕುರುಚಲು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ, ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ಒಂದು ಗುಡ್ಡವನ್ನು ಕ್ವಾರಿಗೆ ಕೊಟ್ಟರೆ ಪಕ್ಕದ ಗದ್ದೆಯಲ್ಲಿ ಅದು ಬದುಕಲಾರದು.

ದುರ್ಗಾದೇವಿ ಗುಡಿಯ ಬಳಿ ಮರದ ಕೊಂಬೆಗಳಿಗೆ ಹರಕೆಯ ತೆಂಗಿನಕಾಯಿಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿರುತ್ತಾರೆ. ಅಲ್ಲಿಂದ ಕೋಟೆಗೋಡೆ ಗುಡ್ಡದಿಂದ ಗುಡ್ಡಕ್ಕೆ ಹಾರಿದಂತೆ ಹೋಗುತ್ತದೆ. ಗಾರೆಯಿಲ್ಲದೆ ಜೋಡಿಸಿದ ಕಲ್ಲುಗಳ ಸಂದುಗಳು ಈಗ ಹಾವುರಾಣಿ, ಹಲ್ಲಿಗಳ ಮನೆ. ಬಾಗಿಲ ಮಂಟಪದ ಚಾವಣಿಗೆ ಅಂಬರಗುಬ್ಬಿಗಳು ಕೆಸರಿನ ಉಂಡೆ ಮೆತ್ತಿ ಕೊಳವೆಬಾಯಿಯ ಗೂಡು ಮಾಡುತ್ತವೆ. ಕೆಸರು ಕಾಲುವೆಯದು, ಚಾವಣಿ ಅರಸರದು.

ಈ ಸುತ್ತಿನ ಬಗ್ಗೆ ನನಗಿರುವ ಕಾಳಜಿ ಇಷ್ಟು. 2022ರ ರಾಜ್ಯ ಬಜೆಟ್‌ನಲ್ಲಿ ಅಂಜನಾದ್ರಿಯ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಣೆಯಾಯಿತು. ಬರುವ ಭಕ್ತರಿಗೆ ನೆರಳು, ನೀರು, ಶೌಚಾಲಯ ಬೇಕೇ ಬೇಕು. ಆದರೆ ರಸ್ತೆ ಅಗಲವಾಗುವಾಗ, ವಾಹನ ನಿಲ್ಲಿಸಲು ಜಾಗ ಹುಡುಕುವಾಗ ಮೊದಲು ಕೈ ಬೀಳುವುದು ಯಾರ ಹೆಸರಿನಲ್ಲೂ ಇಲ್ಲದ ಈ ಅಂಚಿನ ಮೇಲೆಯೇ. ಇಂಥ ದಾರಿಗಳನ್ನು ಉಳಿಸಲು ಇಂಗ್ಲೆಂಡಿನಲ್ಲಿ 1949ರಲ್ಲಿ ಕಾಯ್ದೆ ಮಾಡಿ ಹಳ್ಳಿಗಾಡಿನ ಕಾಲುದಾರಿಗಳನ್ನು ನಕ್ಷೆಗೆ ಏರಿಸತೊಡಗಿದರು. ಇವತ್ತಿಗೂ ಅಲ್ಲಿನ ಜನ ಊರು ಸುತ್ತಿ ಊರಿಗೇ ಮರಳುವ ದಾರಿಗಳಲ್ಲಿ ಹಕ್ಕಿನಿಂದ ನಡೆಯುತ್ತಾರೆ. ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಕಂದಾಯ ಇಲಾಖೆಯ ಗ್ರಾಮನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿಗಳಿಗೆ ಚುಕ್ಕಿಗೆರೆ ಹಾಕುವ ಪದ್ಧತಿ ಮೊದಲಿನಿಂದಲೂ ಇದೆ. ಪಂಚಾಯಿತಿಯವರು ಆ ನಕ್ಷೆ ಹಿಡಿದು, ಕುರಿಗಾಹಿಗಳನ್ನು ಜೊತೆಗೆ ಕರೆದುಕೊಂಡು ಒಂದು ದಿನ ನಡೆದರೆ, ಯಾವ ದಾರಿ ಉಳಿದಿದೆ, ಯಾವುದು ಒತ್ತುವರಿಯಾಗಿದೆ ಎಂಬುದು ಗೊತ್ತಾಗುತ್ತದೆ. ಗುರುತಿಗೆ ಕಲ್ಲು ನೆಟ್ಟು, ಎರಡೂ ಬದಿಯ ಪೊದೆಯನ್ನು ಹಾಗೇ ಬಿಡಬೇಕು. ಹಾಸುಗಲ್ಲು, ದೀಪದ ಕಂಬ, ಕಬ್ಬಿಣದ ಬೇಲಿ ಬೇಡ.

ನಡೆಯಲು ಹೊರಟವರಿಗೆ ಇನ್ನೊಂದು ಮಾತು. ಈ ಗುಡ್ಡಗಳಲ್ಲಿ ಚಿರತೆಯೂ ಕರಡಿಯೂ ಇವೆ. 2020ರಲ್ಲಿ ಚಿರತೆಯಿಂದ ಜೀವಹಾನಿಯೂ ಆಗಿದೆ. ಬೆಳಕು ಚೆನ್ನಾಗಿ ಹರಿದ ಮೇಲೆ, ಒಬ್ಬರೇ ಹೋಗದೆ, ಸಂಜೆಗೆ ಮೊದಲೇ ಊರು ಸೇರುವ ಹಾಗೆ ಹೊರಡಿ. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತ. ಓತಿಗಳ ಬಣ್ಣ ನೋಡಬೇಕೆಂದರೆ ಜೂನ್ ಕೊನೆಗೆ, ಮೊದಲ ಮಳೆ ಬಿದ್ದ ಮೇಲೆ ಬನ್ನಿ. ನೀರು ಹೊತ್ತು ತನ್ನಿ. ಅಂಜನಾದ್ರಿಯ ಬುಡ ಬಿಟ್ಟರೆ ಗುಡ್ಡದ ಸೆರಗಿನಲ್ಲಿ ಅಂಗಡಿ ಸಿಗುವುದು ಕಡಿಮೆ. ಬದುವಿನ ಮೇಲೆ ಕೆಲಸ ಮಾಡುತ್ತಿರುವವರು ಎದುರಾದರೆ ಮೊದಲು ಅವರನ್ನು ಹಾಯಲು ಬಿಡಿ, ಯಾವ ಬದು ಗಟ್ಟಿ, ಯಾವುದು ಕುಸಿಯುತ್ತದೆ ಎಂದು ಅವರನ್ನೇ ಕೇಳಿಕೊಂಡು ಮುಂದೆ ಹೋಗಿ.