ಕಲ್ಲುಹಾಸಿನ ಕಣ: ಕೊನೆಯ ಕಂತು ನೀಡುವ ಮುನ್ನ ಗುಣಮಟ್ಟ ಪರೀಕ್ಷಿಸುವ ವಿಧಾನ

ಒಕ್ಕಣೆಗೂ ಕಾಳು ಒಣಗಿಸುವುದಕ್ಕೂ ಸಗಣಿ ಸಾರಿಸಿದ ಮಣ್ಣಿನ ಕಣದ ಬದಲು ಕಲ್ಲುಚಪ್ಪಡಿ ಹಾಸಿದ ಕಣವನ್ನು ನಿರ್ಮಿಸಿಕೊಂಡರೆ ಧಾನ್ಯದಲ್ಲಿ ಮಣ್ಣು, ಕಲ್ಲು ಬೆರೆಯುವುದು ತಪ್ಪುತ್ತದೆ. ಆದರೆ ಹಾಸಿದ ದಿನ ಎಲ್ಲ ಕಣಗಳೂ ಅಚ್ಚುಕಟ್ಟಾಗಿಯೇ ಕಾಣುತ್ತವೆ. ದೋಷಗಳು ಹೊರಬೀಳುವುದು ಮೊದಲ ಮಳೆಯಲ್ಲಿ. ಅಷ್ಟರಲ್ಲಿ ಹಣ ಪೂರ್ತಿ ಸಂದಾಯವಾಗಿರುತ್ತದೆ. ನೀರು ನಿಲ್ಲುವ ಕಣದಲ್ಲಿ ಕಾಳು ಸಮನಾಗಿ ಒಣಗುವುದಿಲ್ಲ. ತೇವ ಉಳಿದ ಶೇಂಗಾ ಹಾಗೂ ಮೆಕ್ಕೆಜೋಳದಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವಸ್ತು ಉತ್ಪತ್ತಿಯಾಗುತ್ತದೆ. ಆದುದರಿಂದ ಕೆಳಗಿನ ಪರೀಕ್ಷೆಗಳನ್ನು ಮಾಡಿದ ನಂತರವೇ ಕೊನೆಯ ಕಂತನ್ನು ನೀಡುವುದು ಸೂಕ್ತ.

ಕೆಲಸ ನಡೆಯುವಾಗ ನೋಡಬೇಕಾದುದು

ತಳಪಾಯವು ಅನಂತರ ಕಣ್ಣಿಗೆ ಬೀಳುವುದಿಲ್ಲ. ಮಣ್ಣನ್ನು ನೀರು ಹಾಕಿ ದಮ್ಮಸು ಮಾಡಿರಬೇಕು. ಅದರ ಮೇಲೆ ಸುಮಾರು 10 ಸೆಂ.ಮೀ. ದಪ್ಪದ ಜಲ್ಲಿ ಕಾಂಕ್ರೀಟ್ ಇರಬೇಕು. ಎರೆಭೂಮಿಯು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವುದರಿಂದ, ಅಲ್ಲಿ ಮೇಲ್ಪದರದ ಎರೆಮಣ್ಣನ್ನು ತೆಗೆದು ಗರಸು ತುಂಬಿಸುವುದು ಅವಶ್ಯಕ.

ಗಾರೆಯನ್ನು ನಾಲ್ಕು ಮೂಲೆಗೆ ಹಾಗೂ ನಡುವೆ ಮುದ್ದೆಯಾಗಿಟ್ಟು ಚಪ್ಪಡಿ ಕೂರಿಸುವುದು ಸಾಮಾನ್ಯ ದೋಷ. ಆಗತಾನೆ ಹಾಸಿದ ಒಂದು ಚಪ್ಪಡಿಯನ್ನು ಎತ್ತಿಸಿ ನೋಡಿರಿ. ಅದರ ತಳಭಾಗಕ್ಕೆಲ್ಲ ಗಾರೆ ಅಂಟಿದ್ದರೆ ಕೆಲಸ ಸರಿಯಾಗಿದೆ.

ಕೆಲಸ ಮುಗಿದ ಮೇಲೆ

1. ಇಳಿಜಾರು: ಪ್ರತಿ ಮೀಟರಿಗೆ ಸುಮಾರು 1 ಸೆಂ.ಮೀ. ಇಳಿಜಾರು ಸಾಕು, 10 ಮೀಟರ್ ಉದ್ದದ ಕಣದಲ್ಲಿ 10 ಸೆಂ.ಮೀ. ವ್ಯತ್ಯಾಸ ಬರಬೇಕು. ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಇದನ್ನು ಅಳೆಯಬಹುದು. ಇಳಿಜಾರು ಮನೆ ಅಥವಾ ಉಗ್ರಾಣದ ಗೋಡೆಯ ಕಡೆಗೆ ಇರಕೂಡದು.

2. ನೀರು: ಕಣದ ತುಂಬ ನೀರು ಸುರಿದು ಅರ್ಧ ಗಂಟೆಯ ನಂತರ ನೋಡಿರಿ. ನೀರು ನಿಂತ ಜಾಗಗಳ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿರಿ.

3. ಶಬ್ದ: ಗಾರೆ ಗಟ್ಟಿಯಾದ ಮೇಲೆ ಪ್ರತಿ ಚಪ್ಪಡಿಯನ್ನೂ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿರಿ. ಟೊಳ್ಳು ಶಬ್ದ ಬಂದರೆ ಅಡಿಯಲ್ಲಿ ಗಾರೆ ಇಲ್ಲವೆಂದರ್ಥ. ಟ್ರ್ಯಾಕ್ಟರಿನ ಚಕ್ರ ಹರಿದಾಗ ಅಂತಹ ಚಪ್ಪಡಿ ಬಿರಿಯುತ್ತದೆ.

4. ಸಂದು: ಸಂದುಗಳನ್ನು ಮೊಳೆಯಿಂದ ಕೆರೆದು ನೋಡಿರಿ. ಗಾರೆ ಪುಡಿಯಾಗಿ ಉದುರಿದರೆ ಅಥವಾ ಮೊಳೆ ಒಳಗಿಳಿದರೆ ಸಂದನ್ನು ಮೇಲೆ ಮಾತ್ರ ಮೆತ್ತಲಾಗಿದೆ. ಇಂತಹ ಸಂದುಗಳಲ್ಲಿ ರಾಗಿಯಂತಹ ಸಣ್ಣ ಕಾಳು ಸೇರಿ ನಷ್ಟವಾಗುವುದಲ್ಲದೆ, ಉಳಿದ ಕಾಳಿನಲ್ಲಿ ಕೀಟಗಳೂ ನೆಲೆಸುತ್ತವೆ.

5. ಅಂಚು: ಪಕ್ಕದ ಚಪ್ಪಡಿಗಳ ಅಂಚುಗಳು ಸಮನಾಗಿರಬೇಕು. ಎದ್ದ ಅಂಚಿಗೆ ಕಾಳು ಗೋರುವ ಹಲಗೆ ತಡೆಯುತ್ತದೆ. ಕಣದ ಸುತ್ತಲೂ ಭದ್ರವಾದ ಅಂಚುಕಟ್ಟು ಇಲ್ಲದಿದ್ದರೆ ಹೊರಸಾಲಿನ ಚಪ್ಪಡಿಗಳು ಸರಿಯುತ್ತವೆ.

ದೋಷವಲ್ಲದವು

ಶಹಾಬಾದ್ ಕಲ್ಲಿನಲ್ಲಿ ಬಣ್ಣದ ಛಾಯೆ ಬದಲಾಗುವುದು ಸಹಜ. ಇದಕ್ಕಾಗಿ ಮೇಸ್ತ್ರಿಯನ್ನು ದೂರುವುದು ಸಲ್ಲದು. ಇದು ಸುಣ್ಣಕಲ್ಲಾದ ಕಾರಣ ಗಾರೆಯ ಕಲೆ ತೆಗೆಯಲು ಆಮ್ಲ ಬಳಸಬಾರದು. ಕಲ್ಲಿನ ಮೈಯೇ ಸವೆಯುತ್ತದೆ.

ರೈತ ಬಾಂಧವರ ಗಮನಕ್ಕೆ

ಟೊಳ್ಳಾದ ಹಾಗೂ ತಗ್ಗಾದ ಚಪ್ಪಡಿಗಳನ್ನು ಕಿತ್ತು ಮರುಹಾಸಬೇಕು. ಮೇಲೆ ಸಿಮೆಂಟ್ ಸವರುವುದು ಪರಿಹಾರವಲ್ಲ. ಈ ಷರತ್ತನ್ನೂ ಕೊನೆಯ ಕಂತಿನ ಮೊತ್ತವನ್ನೂ ಕೆಲಸ ಆರಂಭಿಸುವ ಮುನ್ನವೇ ಬರಹದಲ್ಲಿ ಒಪ್ಪಿಸಿಕೊಳ್ಳಿರಿ. ಹಾಸಿದ ನಂತರ ಕನಿಷ್ಠ 7 ದಿನ ನೀರುಣಿಸಿ, 28 ದಿನಗಳವರೆಗೆ ಟ್ರ್ಯಾಕ್ಟರ್ ಹತ್ತಿಸದಿರುವುದು ರೈತರ ಹೊಣೆ. ಕೊಯ್ಲಿಗೆ ಕನಿಷ್ಠ ಎರಡು ತಿಂಗಳು ಮುಂಚಿತವಾಗಿ ಕೆಲಸ ಮುಗಿಸಿದಲ್ಲಿ ಪರೀಕ್ಷೆಗೂ ದುರಸ್ತಿಗೂ ಕಾಲಾವಕಾಶ ದೊರೆಯುತ್ತದೆ.